‘ಸ್ಥೂಲ’ ಎಂಬ ಶಬ್ದದ ಈಚಿನ ಬಾಳು

ವೇದಾಂತದ ಅಂಗಳದಲ್ಲಿ ಬಹುಕಾಲ ಗೌರವದಿಂದ ಓಡಾಡಿಕೊಂಡಿದ್ದು, ಈಚಿನ ದಿನಗಳಲ್ಲಿ ವೈದ್ಯರ ತೂಕದ ಯಂತ್ರದ ಮೇಲೆ ತಲೆತಗ್ಗಿಸಿ ನಿಂತಿರುವ ಶಬ್ದಗಳಲ್ಲಿ ‘ಸ್ಥೂಲ’ ಎಂಬುದೂ ಒಂದು. ಹಿಂದಿನ ಪಂಡಿತರ ಬಾಯಲ್ಲಿ ಸ್ಥೂಲಶರೀರವೆಂದರೆ ದಪ್ಪನೆಯ ಮೈ ಎಂದು ಅರ್ಥವಾಗುತ್ತಿರಲಿಲ್ಲ. ಕಣ್ಣಿಗೆ ಕಾಣುವ, ಅನ್ನದಿಂದ ಬೆಳೆದು ಮಣ್ಣಿಗೆ ಸೇರುವ ಈ ದೇಹ ಎಂದಷ್ಟೇ ಅರ್ಥ. ಅದರೊಳಗೆ ಸೂಕ್ಷ್ಮಶರೀರ, ಅದಕ್ಕೂ ಒಳಗೆ ಕಾರಣಶರೀರ. ಆ ಲೆಕ್ಕದಲ್ಲಿ ಉಪವಾಸದಿಂದ ಎಲುಬು ಬಿಟ್ಟುಕೊಂಡ ಸಂನ್ಯಾಸಿಗೂ, ಸಂತರ್ಪಣೆಯ ಮೊದಲ ಪಂಕ್ತಿಯನ್ನು ಎಂದೂ ತಪ್ಪಿಸದ ಶಾಸ್ತ್ರಿಗೂ ಒಂದೊಂದು ಸ್ಥೂಲಶರೀರವಿತ್ತು. ಒಬ್ಬನದು ಇನ್ನೊಬ್ಬನದಕ್ಕಿಂತ ಹೆಚ್ಚು ಸ್ಥೂಲವೆಂದು ಯಾರೂ ವಾದಿಸುತ್ತಿರಲಿಲ್ಲ. ಶಬ್ದವು ಅಲ್ಲಿಂದ ಗದ್ಯಕ್ಕೆ ಇಳಿದು ಬಂದಾಗ ‘ಸ್ಥೂಲವಾಗಿ ಹೇಳುವುದಾದರೆ’ ಎಂಬ ಉಪಯುಕ್ತವಾದ ನುಡಿಗಟ್ಟಾಯಿತು. ವಿವರಗಳನ್ನು ಬಿಟ್ಟು, ಅಂಚುಗಳನ್ನು ತೀಡದೆ, ಒರಟಾಗಿ ಹೇಳಿಬಿಡುತ್ತೇನೆ, ಮುಂದಿನದನ್ನು ನೀವೇ ಸರಿಪಡಿಸಿಕೊಳ್ಳಿ ಎಂದು ಓದುಗನಿಂದ ಪಡೆಯುವ ಅನುಮತಿಯದು.

ಪತ್ರಿಕೆಗಳ ಆರೋಗ್ಯಪುಟದಲ್ಲಿ ಈ ಶಬ್ದ ‘ಸ್ಥೂಲಕಾಯ’ವಾಗಿ, ಅದರ ಮೇಲೆ ಇನ್ನೊಂದು ಪ್ರತ್ಯಯವನ್ನು ಹೊತ್ತು ‘ಸ್ಥೂಲಕಾಯತೆ’ಯಾಗಿ ನೆಲೆಯೂರಿದೆ. (ಈ ಕೊನೆಯ ರೂಪ ತಾನೇ ತುಸು ಬೊಜ್ಜು ಬೆಳೆಸಿಕೊಂಡಂತೆ ನನಗೆ ತೋರುತ್ತದೆ, ಆಯುರ್ವೇದದವರ ‘ಸ್ಥೌಲ್ಯ’ ಎರಡೇ ಅಕ್ಷರದಲ್ಲಿ ಆ ಕೆಲಸವನ್ನು ಮುಗಿಸುತ್ತದೆ.) ಇದರ ನೆರೆಹೊರೆಯಲ್ಲಿರುವ ದೇಶ್ಯಪದಗಳ ಸ್ವಭಾವವೇ ಬೇರೆ. ‘ದಪ್ಪ’ ಎಂಬುದು ರಟ್ಟಿಗೆ, ಕಂಬಳಿಗೆ, ಹಗ್ಗಕ್ಕೆ, ಅಚ್ಚಿನ ಅಕ್ಷರಕ್ಕೆ, ತರಕಾರಿ ಅಂಗಡಿಯ ಮೆಣಸಿನಕಾಯಿಗೆ ಯಾವ ನಿಂದೆಯೂ ಇಲ್ಲದೆ ಅನ್ವಯವಾಗಿ, ಮನುಷ್ಯನ ಹತ್ತಿರ ಬಂದೊಡನೆ ಮಾತ್ರ ಧ್ವನಿಯನ್ನು ಬದಲಾಯಿಸುತ್ತದೆ. ‘ಬೊಜ್ಜು’ ಹೊಟ್ಟೆಗೆ ಅಂಟಿಕೊಂಡ ಮಾತು. ಅದನ್ನು ಹದಿನೈದು ದಿನಗಳಲ್ಲಿ ಕರಗಿಸಿಕೊಡುವೆವೆಂಬ ಚೀಟಿಗಳು ನಮ್ಮ ಊರುಗಳ ವಿದ್ಯುತ್ ಕಂಬಗಳಿಗೂ ಅಂಟಿಕೊಂಡಿವೆ. ‘ಡುಮ್ಮ’, ‘ಡುಮ್ಮಿ’ಗಳು ಶಾಲೆಯ ಬಯಲಿನವು, ‘ಧಡೂತಿ’ ಸಿನಿಮಾದ ಹಾಸ್ಯಪಾತ್ರದ್ದು. ‘ಗುಂಡ’ನೊಬ್ಬನೇ ಪ್ರೀತಿಯಿಂದ ಹುಟ್ಟಿದವನು; ಆ ಹೆಸರು ಹೊತ್ತ ಮಗು ಬೆಳೆದು ಕಡ್ಡಿಯಂತಾದರೂ ಮನೆಯವರಿಗೆ ಕೊನೆಯವರೆಗೆ ಗುಂಡನೇ.

ಇವೆಲ್ಲವುಗಳ ಎದುರಿಗೆ, ಈಗ ಬಳಕೆ ಕುಗ್ಗುತ್ತಿರುವ ಒಂದು ಹೊಗಳಿಕೆಯನ್ನು ನೆನೆಯಬೇಕು. ಗಂಡನ ಮನೆಯಿಂದ ಬಂದ ಮಗಳನ್ನು ಕಂಡು ‘ಮೈಕೈ ತುಂಬಿಕೊಂಡು ಚೆನ್ನಾಗಿದ್ದೀಯಮ್ಮ’ ಎಂದು ಹಿರಿಯಳೊಬ್ಬಳು ಹೇಳಿದರೆ, ಅದು ಬೀಗರಿಗೆ ಕೊಟ್ಟ ಪ್ರಶಸ್ತಿಪತ್ರ. ‘ಯಾಕಪ್ಪ, ಸೊರಗಿಹೋಗಿದ್ದೀಯ’ ಎಂದರೆ, ಅದು ಮಗನಿರುವ ಹಾಸ್ಟೆಲಿನ ಮೇಲೆ ಹೊರಿಸಿದ ಆರೋಪ. ತುಂಬಿದ ಮೈಯನ್ನು ಭಾಗ್ಯದ ಲಕ್ಷಣವೆಂದು ಎಣಿಸಿದವರು ಮೂಢರಲ್ಲ. ಧಾತು ಸಂವತ್ಸರದ ಬರವೆಂದು ನಮ್ಮ ಅಜ್ಜಂದಿರ ಅಜ್ಜಂದಿರು ನಡುಗುತ್ತ ನೆನೆಯುತ್ತಿದ್ದ 1876–78ರ ಕ್ಷಾಮವು ಮೈಸೂರು ಸಂಸ್ಥಾನದಲ್ಲಿ ಎಂಥ ಸಂಹಾರವನ್ನು ಮಾಡಿತೆಂದರೆ, 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹಾಗೆ ಬದುಕುಳಿದವರ ಬಾಯಲ್ಲಿ ಪಕ್ವವಾದ ಭಾಷೆ ಕೃಶತ್ವವನ್ನು ಹೊಗಳುವುದಾದರೂ ಹೇಗೆ? ಇಂದಿಗೂ ಆ ಹಸಿವು ನಾಡನ್ನು ಪೂರ್ತಿಯಾಗಿ ಬಿಟ್ಟುಹೋಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕತೂಕದವರು. ಅದೇ ಸಮೀಕ್ಷೆಯಂತೆ, ಇದೇ ನಾಡಿನ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆಯದವರು.

ಸ್ಥೂಲರನ್ನು ಕುರಿತು ನಿಷ್ಠುರವಾಗಿ ಮಾತನಾಡುವುದು ನವೀನವೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯಕ್ಕೆ ‘ಅಷ್ಟೌನಿಂದಿತೀಯ’ವೆಂದೇ ಹೆಸರು; ನಿಂದಿತವಾದ ಎಂಟು ಬಗೆಯ ದೇಹಗಳ ಪಟ್ಟಿಯಲ್ಲಿ ಅತಿದೀರ್ಘನೂ ಅತಿಹ್ರಸ್ವನೂ ಬಂದು ಹೋದ ಮೇಲೆ, ಕೊನೆಯಲ್ಲಿ ಅತಿಸ್ಥೂಲನೂ ಅತಿಕೃಶನೂ ಬಂದು, ಗ್ರಂಥಕಾರನ ಲಕ್ಷ್ಯವೆಲ್ಲ ಅವರಿಬ್ಬರ ಮೇಲೆ ನಿಲ್ಲುತ್ತದೆ. ಅತಿಸ್ಥೂಲನಿಗೆ ಆಯುಸ್ಸು ಕಡಿಮೆ, ನಡೆ ಮಂದ, ಬೆವರು ಹೆಚ್ಚು, ಮೈ ದುರ್ಗಂಧ, ಹಸಿವು ಬಾಯಾರಿಕೆಗಳು ಅತಿಯೆಂದು ದಾಕ್ಷಿಣ್ಯವಿಲ್ಲದೆ ಎಣಿಸಿ, ಇಬ್ಬರಲ್ಲಿ ಕೃಶನೇ ಮೇಲೆಂದು ತೀರ್ಪನ್ನೂ ಕೊಡಲಾಗಿದೆ. ಇದಕ್ಕಿಂತ ಕಟುವಾದ ಭಿತ್ತಿಪತ್ರವನ್ನು ಯಾವ ಆರೋಗ್ಯ ಇಲಾಖೆಯೂ ಇಂದು ಅಚ್ಚು ಹಾಕಿಸಲಾರದು. ಆದರೆ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಇದು ಗುರುವಾದ ಆತ್ರೇಯನು ಶಿಷ್ಯನಾದ ಅಗ್ನಿವೇಶನಿಗೆ, ಎಂದರೆ ವೈದ್ಯನು ವೈದ್ಯನಿಗೆ, ಹೇಳಿದ ಮಾತೇ ಹೊರತು ರೋಗಿಯ ಮುಖಕ್ಕೆ ಎಸೆದದ್ದಲ್ಲ. ಎರಡನೆಯದಾಗಿ, ಸ್ಥೌಲ್ಯದ ಕಾರಣಗಳನ್ನು ಹೇಳುವಾಗ ಮಧುರಸ್ನಿಗ್ಧವಾದ ಆಹಾರ, ವ್ಯಾಯಾಮದ ಅಭಾವ, ಹಗಲುನಿದ್ದೆಗಳ ಜೊತೆಗೆ ‘ಬೀಜಸ್ವಭಾವ’ವನ್ನೂ, ಅಂದರೆ ತಂದೆತಾಯಿಗಳಿಂದ ಬಂದ ಪ್ರಕೃತಿಯನ್ನೂ, ಆತನು ಮರೆಯದೆ ಸೇರಿಸಿದ್ದಾನೆ. ಎಲ್ಲವೂ ತಿನ್ನುವವನ ನಾಲಗೆಯ ತಪ್ಪೆಂದು ಹೇಳುವ ಅವಸರ ಆ ನಿಷ್ಠುರವಾದಿಗೂ ಇರಲಿಲ್ಲ.

ಇಂಗ್ಲೆಂಡಿನಲ್ಲಿ 2010ರ ಜುಲೈ ತಿಂಗಳಲ್ಲಿ ಸಾರ್ವಜನಿಕ ಆರೋಗ್ಯದ ಸಚಿವೆಯಾಗಿದ್ದ ಆ್ಯನ್ ಮಿಲ್ಟನ್, ವೈದ್ಯರು ‘ಒಬೀಸ್’ ಎಂಬ ಲ್ಯಾಟಿನ್ ಮೂಲದ ಶಬ್ದದ ಮರೆಯಲ್ಲಿ ನಿಲ್ಲದೆ ‘ಫ್ಯಾಟ್’ ಎಂದೇ ಹೇಳಬೇಕು, ಹಾಗೆ ಹೇಳಿದರೆ ಕೇಳಿದವನು ತನ್ನ ಹೊಣೆಯನ್ನು ತಾನು ಹೊರುವನು, ಎಂಬ ಅಭಿಪ್ರಾಯವನ್ನು ಕೊಟ್ಟು ದೊಡ್ಡ ಚರ್ಚೆಯನ್ನೆಬ್ಬಿಸಿದಳು. ನಮ್ಮಲ್ಲಿ ಸಂಸ್ಕೃತಪದ ಮಾಡುವ ಉಪಕಾರವನ್ನೇ ಅಲ್ಲಿ ಲ್ಯಾಟಿನ್ ಮಾಡುತ್ತದೆ. ಹೇಳಿಯೂ ಹೇಳದ ಹಾಗೆ ಒಂದು ತೆರೆಯನ್ನು ಇಳಿಬಿಡುತ್ತದೆ. ಎಂಟು ವರ್ಷಗಳ ತರುವಾಯ ಅದೇ ದೇಶದ ಕ್ಯಾನ್ಸರ್ ರಿಸರ್ಚ್ ಯುಕೆ ಎಂಬ ಸಂಸ್ಥೆಯು, ಧೂಮಪಾನದ ಬಳಿಕ ತಡೆಯಬಹುದಾದ ಕ್ಯಾನ್ಸರ್ ಕಾರಣಗಳಲ್ಲಿ ದೊಡ್ಡದು ಯಾವುದೆಂದು ಕೇಳಿ, ಉತ್ತರವಾದ ‘ಒಬೀಸಿಟಿ’ ಎಂಬ ಶಬ್ದದ ಕೆಲವು ಅಕ್ಷರಗಳನ್ನು ಖಾಲಿ ಬಿಟ್ಟು ಬೀದಿಬೀದಿಯಲ್ಲಿ ಅಂಟಿಸಿತು. 2019ರಲ್ಲಿ ಸಿಗರೇಟು ಪೊಟ್ಟಣದ ಚಿತ್ರವನ್ನೇ ಬಳಸಿ ಅದೇ ಮಾತನ್ನು ಮತ್ತೊಮ್ಮೆ ಹೇಳಿತು. ಅಮೆರಿಕೆಯ ತತ್ತ್ವಚಿಂತಕ ಡೇನಿಯಲ್ ಕ್ಯಾಲಹನ್ 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತುಸು ಸಾಮಾಜಿಕ ಲಜ್ಜೆಯನ್ನು ಉಂಟುಮಾಡುವುದೂ ತಪ್ಪಲ್ಲವೆಂದು ಬರೆದನು.

ಇವರ ವಾದದಲ್ಲಿ ಒಂದು ಗುಪ್ತವಾದ ಪೂರ್ವಕಲ್ಪನೆಯಿದೆ: ದಪ್ಪಗಿರುವವನಿಗೆ ತಾನು ದಪ್ಪಗಿರುವೆನೆಂದು ಈವರೆಗೆ ಯಾರೂ ಹೇಳಿಲ್ಲ. ಕನ್ನಡದ ಸಮಾಜದಲ್ಲಿ ಎಂಟು ದಿನ ಬಾಳಿದವರು ಇದನ್ನು ನಂಬಲಾರರು. ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಮೊದಲೇ ‘ಏನೇ, ಇಷ್ಟು ದಪ್ಪ ಆಗ್ಬಿಟ್ಟಿದ್ದೀಯ!’ ಎಂದು ನಾಲ್ಕು ಜನರ ಮುಂದೆ ಕೇಳುವ ದೊಡ್ಡಮ್ಮಂದಿರು ಯಾವ ಸರ್ಕಾರದ ಅನುದಾನವನ್ನೂ ಪಡೆಯದೆ ತಲೆತಲಾಂತರದಿಂದ ಈ ಪ್ರಚಾರಕಾರ್ಯವನ್ನು ನಡೆಸಿಕೊಂಡು ಬಂದಿದ್ದಾರೆ. ನಿಷ್ಠುರತೆಯೇ ಔಷಧವಾಗಿದ್ದ ಪಕ್ಷದಲ್ಲಿ ನಾವೆಲ್ಲರೂ ಇಷ್ಟು ಹೊತ್ತಿಗೆ ಬಳುಕುವ ಬಳ್ಳಿಗಳಾಗಿರಬೇಕಿತ್ತು. ಲಂಡನ್ನಿನ ಸಂಶೋಧಕರು 50 ವರ್ಷ ದಾಟಿದ 2,944 ಮಂದಿಯನ್ನು ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಸಲ ತೂಗಿ 2014ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ಪೋಷಕವಾಗಿದೆ: ತೂಕದ ನಿಮಿತ್ತ ಅವಮಾನವನ್ನು ಉಂಡೆವೆಂದವರು ಸರಾಸರಿ 0.95 ಕಿಲೋ ಹೆಚ್ಚಿದ್ದರು. ಹಾಗೆ ಹೇಳದವರು 0.71 ಕಿಲೋ ಇಳಿದಿದ್ದರು. ಅವಮಾನದಿಂದ ತೂಕವೇರಿತೆಂದು ಇದೊಂದರಿಂದಲೇ ಸಾಧಿಸಲಾಗದು. ಆದರೆ ಅವಮಾನದಿಂದ ತೂಕ ಇಳಿಯುತ್ತದೆನ್ನುವವರಿಗೆ ಇಲ್ಲಿ ಆಸರೆಯೇನೂ ಸಿಗುವುದಿಲ್ಲ. ಚರಕನು ಸ್ಥೌಲ್ಯದ ಕಾರಣಗಳಲ್ಲಿ ‘ಅಚಿಂತನ’ವನ್ನು, ಎಂದರೆ ಯಾವ ಚಿಂತೆಯೂ ಇಲ್ಲದಿರುವುದನ್ನು, ಸೇರಿಸಿದ್ದನು, ಚಿಂತೆಯಿದ್ದವನೂ ಚಕ್ಕುಲಿಯ ಡಬ್ಬಿಗೆ ಕೈಹಾಕುವನೆಂಬುದು ಅವನ ಕಾಲದಲ್ಲಿ ಅಷ್ಟಾಗಿ ಕಂಡಿರಲಾರದು.

ತಂಬಾಕಿನ ವಿಷಯದಲ್ಲಿ ಕಟುವಾದ ಮಾತು ನಡೆಯಿತಲ್ಲ, ಇಲ್ಲೇಕೆ ಸಲ್ಲದು ಎಂದು ಕೇಳುವವರುಂಟು. ನಮ್ಮ ದೇಶದಲ್ಲಿ 2016ರಿಂದ ಪೊಟ್ಟಣದ ಮುಖದ ನೂರಕ್ಕೆ 85 ಭಾಗವನ್ನು ರೋಗದ ಚಿತ್ರವೂ ಎಚ್ಚರಿಕೆಯೂ ಆಕ್ರಮಿಸಿವೆ. ಆ ನಿಯಮವನ್ನು 2017ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ತಳ್ಳಿಹಾಕಿ, ಮರುತಿಂಗಳೇ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟದ್ದು ಅನೇಕರ ನೆನಪಿನಲ್ಲಿದೆ. ಆದರೆ ಆ ಚಿತ್ರವಿರುವುದು ಪೊಟ್ಟಣದ ಮೇಲೆ. ಸಿಗರೇಟನ್ನು ಕೆಳಗಿಟ್ಟು ನಡೆದುಹೋಗಬಹುದು. ದೇಹವನ್ನು ಕೆಳಗಿಟ್ಟು ಹೋಗುವ ಉಪಾಯ ವೇದಾಂತಿಗೂ ಸುಲಭವಲ್ಲ.

ವೇದಾಂತದ ಮಾತು ಬಂದುದರಿಂದ ‘ಸ್ಥೂಲ’ ಶಬ್ದದ ಇನ್ನೊಂದು ಹಳೆಯ ಉದ್ಯೋಗವನ್ನು ಹೇಳಬೇಕು. ಮದುವೆಯಲ್ಲಿ ವಧುವಿಗೆ ಅರುಂಧತೀ ನಕ್ಷತ್ರವನ್ನು ತೋರಿಸಬೇಕಾದವನು, ಅದು ಅತಿ ಸಣ್ಣದಾದುದರಿಂದ, ಮೊದಲು ಪಕ್ಕದ ದೊಡ್ಡ ನಕ್ಷತ್ರವನ್ನೇ ಅರುಂಧತಿಯೆಂದು ತೋರಿಸಿ, ದೃಷ್ಟಿ ಅಲ್ಲಿ ನಿಂತ ಮೇಲೆ, ಅದಲ್ಲ, ಅದರ ಮಗ್ಗುಲಿನದು ಎನ್ನುತ್ತಾನೆ; ಇದಕ್ಕೆ ಸ್ಥೂಲಾರುಂಧತೀ ನ್ಯಾಯವೆಂದು ಹೆಸರು. ಎತ್ತರದ ವರ್ಗದಿಂದ ತೂಕವನ್ನು ಭಾಗಿಸುವ ಬಿ.ಎಂ.ಐ. ಎಂಬ ಅಂಕಿಯನ್ನು ಈ ನ್ಯಾಯದಿಂದ ಒಪ್ಪಿಕೊಳ್ಳಬಹುದು. ಬೆಲ್ಜಿಯಮ್ಮಿನ ಕೆಟ್ಲೆ ಎಂಬವನು ಹತ್ತೊಂಬತ್ತನೆಯ ಶತಮಾನದಲ್ಲಿ ಜನಸಮೂಹಗಳನ್ನು ಅಳೆಯಲು ಕಂಡುಹಿಡಿದ ಆ ಲೆಕ್ಕಕ್ಕೆ ಸ್ನಾಯುವಿಗೂ ಮೇದಸ್ಸಿಗೂ ವ್ಯತ್ಯಾಸ ತಿಳಿಯದು. ಆದುದರಿಂದಲೇ ನಮ್ಮ ವೈದ್ಯರು ಭಾರತೀಯರಿಗೆ ಅಧಿಕತೂಕದ ಗಡಿಯನ್ನು 25ರಿಂದ 23ಕ್ಕೆ ಇಳಿಸಿದ್ದಲ್ಲದೆ, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರನ್ನು ಮೀರಬಾರದೆಂದು ಸೇರಿಸಿದ್ದಾರೆ. ದೊಡ್ಡ ನಕ್ಷತ್ರದಿಂದ ಬೆರಳನ್ನು ಮುಂದಕ್ಕೆ ಸರಿಸಿದ್ದೆಂದರೆ ಇದೇ. ಭಿತ್ತಿಪತ್ರದವರ ಬೆರಳಾದರೋ ದಪ್ಪ ಮನುಷ್ಯನ ಕಡೆಗೆ ಚಾಚಿಕೊಂಡು ಅಲ್ಲಿಯೇ ಮರಗಟ್ಟಿರುತ್ತದೆ.

2025ರ ಫೆಬ್ರವರಿಯಲ್ಲಿ ಪ್ರಧಾನಮಂತ್ರಿಗಳು ತಮ್ಮ ರೇಡಿಯೋ ಭಾಷಣದಲ್ಲಿ, ಅಡುಗೆಯ ಎಣ್ಣೆಯನ್ನು ನೂರಕ್ಕೆ 10ರಷ್ಟು ಕಡಿಮೆ ಮಾಡಿಕೊಳ್ಳಿರೆಂದು ಕೇಳಿಕೊಂಡರು; ಬೊಜ್ಜಿನ ಮಾತಾಡಿದರೂ ಅವರು ಗುರಿಯಿಟ್ಟದ್ದು ಎಣ್ಣೆಯ ಡಬ್ಬಿಗೆ, ಯಾರ ಹೊಟ್ಟೆಗೂ ಅಲ್ಲ. ಅದೇ ವರ್ಷದ ಜುಲೈನಲ್ಲಿ ಕಚೇರಿಗಳಲ್ಲಿ ಎಣ್ಣೆ ಸಕ್ಕರೆಗಳ ಪ್ರಮಾಣವನ್ನು ತಿಳಿಸುವ ಫಲಕಗಳನ್ನು ಹಾಕಬೇಕೆಂದು ಆರೋಗ್ಯ ಸಚಿವಾಲಯ ಸೂಚಿಸಿದಾಗ, ಸಮೋಸ ಜಿಲೇಬಿಗಳಿಗೂ ಸಿಗರೇಟಿನ ಗತಿ ಬಂತೆಂದು ಕೋಲಾಹಲವೆದ್ದು, ಹಾಗೇನೂ ಇಲ್ಲವೆಂದು ಸರ್ಕಾರವೇ ಸ್ಪಷ್ಟನೆ ಕೊಡಬೇಕಾಯಿತು. ಮನುಷ್ಯನನ್ನು ಡುಮ್ಮನೆಂದರೆ ನಗುವ ಸಮಾಜ ಜಿಲೇಬಿಯ ಮಾನಕ್ಕೆ ಚ್ಯುತಿ ಬಂದಾಗ ಒಟ್ಟಾಗಿ ಎದ್ದು ನಿಂತಿತು.

ನಿಷ್ಠುರತೆಯನ್ನು ಬಿಟ್ಟುಬಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ಅದರ ವಿಳಾಸವನ್ನು ತಿದ್ದಬೇಕು. ಚಿಲಿ ದೇಶವು 2016ರಿಂದ, ಸಕ್ಕರೆ, ಉಪ್ಪು, ಕೊಬ್ಬುಗಳು ಮಿತಿಮೀರಿದ ಪೊಟ್ಟಣದ ಮುಖಕ್ಕೇ ಕಪ್ಪುಬಣ್ಣದ ಅಷ್ಟಕೋನವನ್ನು ಒತ್ತಿಸುತ್ತಿದೆ. ನಮ್ಮಲ್ಲಿ 2022ರಲ್ಲಿ ಸಿದ್ಧವಾದ ಕರಡು ನಿಯಮ ಅರ್ಧದಿಂದ ಐದರವರೆಗೆ ನಕ್ಷತ್ರಗಳನ್ನು ಕೊಡಲು ಹೊರಟಿತು. ಅರುಂಧತಿಯ ದೇಶಕ್ಕೆ ಇದು ತಕ್ಕುದೇ ಇರಬಹುದಾದರೂ, ಅತ್ಯಂತ ಅನಾರೋಗ್ಯಕರವಾದ ತಿಂಡಿಯೂ ಅರ್ಧ ನಕ್ಷತ್ರವನ್ನು ಧರಿಸಿಯೇ ಅಂಗಡಿಯಲ್ಲಿ ಕುಳಿತಿರುತ್ತದೆ. ಅಷ್ಟಕೋನಕ್ಕೆ ಕನ್ನಡದಲ್ಲಿ ಸ್ಥೂಲಕಾಯತೆಯಂಥ ಉದ್ದನೆಯ ಶಬ್ದವೇ ಬೇಡ. ‘ಸಕ್ಕರೆ ಹೆಚ್ಚು’, ‘ಉಪ್ಪು ಹೆಚ್ಚು’, ‘ಕೊಬ್ಬು ಹೆಚ್ಚು’ ಎಂಬ ಎರಡೆರಡು ಪದಗಳು ಸಾಕು. ಮೂರನೆಯದನ್ನು ಮಾತ್ರ ಪೊಟ್ಟಣದ ಒಡೆಯರು ತಮ್ಮನ್ನೇ ಕುರಿತು ಹೇಳಿದ್ದೆಂದು ತಿಳಿದು ಮೊಕದ್ದಮೆ ಹೂಡಬಹುದು.