ಹುಲ್ಲು ಕೊಯ್ದವರು

ದೀಪಾವಳಿ ಕಳೆದರೂ ತುಮಕೂರಿನಲ್ಲಿ ಜಡಿಮಳೆ ಬಿಟ್ಟಿರಲಿಲ್ಲ. ಚಳಿಯೂ ಇಲ್ಲ, ಬಿಸಿಲೂ ಇಲ್ಲ. ಮನೆಯ ಮುಂದಿನ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಗುಬ್ಬಿಯಿಂದ ಮದುವೆಯಾಗಿ ಬಂದು ಹಿಂದಿನ ಬೀದಿಯಲ್ಲಿ ಹಸು ಕಟ್ಟಿಕೊಂಡಿರುವ ಹೆಂಗಸೊಬ್ಬರನ್ನು ಕರೆದೆ. ನೆನೆದ ಹುಲ್ಲು ಕುಡುಗೋಲಿಗೆ ಅಂಟುತ್ತಿತ್ತು.

"ಒಣಗಲಿ, ಆಮೇಲೆ ಒಯ್ಯಿರಿ" ಎಂದೆ.

"ಈ ಮೋಡಕ್ಕೆ ಎಲ್ಲಿ ಒಣಗ್ತದೆ ಮೇಡಮ್ಮೋರೆ? ಒಟ್ಟಿದರೆ ಒಳಗೇ ಬಿಸಿಯಾಗಿ ಬೂಷ್ಟು ಹಿಡೀತದೆ" ಎಂದರು.

ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವಳು ನಾನು. ಚಿಕ್ಕದೇವರಾಜ ಒಡೆಯರ (1673-1704) ಬೆಣ್ಣೆಚಾವಡಿ, ಅದಕ್ಕೆ ಟಿಪ್ಪು ಇಟ್ಟ 'ಅಮೃತಮಹಲ್' ಎಂಬ ಹೆಸರು, ಅವನ ಸವಾರಪಡೆಗೆ ಕುದುರೆ ಸಾಕಿದ ಕುಣಿಗಲ್ ಫಾರಂ, ಎಲ್ಲವನ್ನೂ ಹೇಳಿದ್ದೇನೆ. ಫಿರಂಗಿ ಎಳೆದ ಆ ಎತ್ತುಗಳು, ಆ ಕುದುರೆಗಳು ತಿಂದದ್ದೇನು ಎಂದು ಹೇಳಲಿಲ್ಲ. ದನಗಳ ಮೇವಿಗೆ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಬ್ರಿಟಿಷರ ದಂಡಿನಲ್ಲಂತೂ ಕುದುರೆಗಳಿಗೆ ಹುಲ್ಲು ಕೊಯ್ಯುವುದಕ್ಕೇ ಆಳುಗಳಿದ್ದರು. ದಂಡನಾಯಕರ ಹೆಸರು ಪಠ್ಯಕ್ಕೆ ಬಂತು, ಇವರದು ಬರಲಿಲ್ಲ.

ಕಾವಲುಗಳೂ ಬದಲಾದವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಬೇಡವೆನ್ನಲಾರೆ, ನನ್ನ ವಿದ್ಯಾರ್ಥಿಗಳಿಗೂ ಕೆಲಸ ಬೇಕು. ಆದರೆ ಊರ ಹೆಸರಿನಲ್ಲಿರುವ 'ಕಾವಲು' ಎಂದರೇನೆಂದು ಕೇಳಿದರೆ ತರಗತಿಯಲ್ಲಿ ಒಂದು ಕೈಯೂ ಏಳುವುದಿಲ್ಲ. ಹೇಳಿಕೊಡಬೇಕಾಗಿದ್ದವಳು ನಾನೇ.

ಕೊಯ್ಲು ಮುಗಿಯಿತು. ಹೊರೆ ಎತ್ತಿ ಅವರ ತಲೆಗೆ ಹೊರಿಸಿದೆ. ಒದ್ದೆ ಹುಲ್ಲು ಅಷ್ಟೊಂದು ಭಾರವೆಂದು ಐವತ್ತು ದಾಟಿದ ಮೇಲೆ ತಿಳಿಯಿತು.