ವಂಶವೃತ್ತಾಂತದ ಶೋಧನೆಯೂ ಜನನ ಮರಣ ಲೇಖಗಳೂ

ತನ್ನ ಮನೆತನದ ಹಿರಿಯರನ್ನು ಮೂರು ತಲೆಯವರೆಗೆ ಹೆಸರಿಸಬಲ್ಲವರು ಹಲವರುಂಟು. ನಾಲ್ಕನೆಯ ತಲೆಗೆ ನಾಲಗೆಯು ತಡವರಿಸುವುದು ಸಹಜವೇ ಸರಿ. ಪೂರ್ವಕಾಲದಲ್ಲಿ ಈ ಕೊರತೆಯನ್ನು ಹೆಳವರು ನೀಗಿಸುತ್ತಿದ್ದರು. ಎತ್ತನ್ನೇರಿ ಒಕ್ಕಲುಮನೆಯ ಬಾಗಿಲಿಗೆ ಬಂದು, ಮೂಲಸ್ಥಳ, ಬೆಡಗು, ಹಿರಿಯರ ನಾಮಾವಳಿಗಳನ್ನು ಹೇಳಿ ಕಾಣಿಕೆಯನ್ನು ಪಡೆಯುವುದು ಅವರ ವೃತ್ತಿಯಾಗಿದ್ದಿತು. ಆದರೆ ಅಂತಹ ವಂಶಾವಳಿಗಳು ಬಹುಮಟ್ಟಿಗೆ ಗಂಡುಸಂತತಿಯನ್ನೇ ಅನುಸರಿಸುವುವು. ಮನೆಗೆ ಬಂದ ಸೊಸೆಯೂ ಮನೆಯಿಂದ ಹೋದ ಮಗಳೂ ಅವುಗಳಲ್ಲಿ ಮರೆಯಾಗುವರು.

ಈ ಲೋಪವನ್ನು ತುಂಬತಕ್ಕವು ಜನನ ಮರಣ ಲೇಖಗಳು. ಇವುಗಳ ನೋಂದಣಿಯು 1969ರ ಕಾಯಿದೆಯಿಂದ ಭರತಖಂಡದಲ್ಲೆಲ್ಲ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಪುಸ್ತಕಗಳು ಎಲ್ಲ ಊರುಗಳಲ್ಲಿಯೂ ಸಮನಾಗಿ ಉಳಿದುಬಂದಿಲ್ಲ. ನಿಯಮಾನುಸಾರವಾಗಿ ಶುಲ್ಕವನ್ನು ಸಲ್ಲಿಸಿದವರು ಲೇಖವನ್ನು ಹುಡುಕಿಸಿ ನಕಲನ್ನು ಪಡೆಯಬಹುದು. ಮರಣದ ಕಾರಣವನ್ನು ಮಾತ್ರ ಆ ನಕಲಿನಲ್ಲಿ ತಿಳಿಸತಕ್ಕದ್ದಲ್ಲ.

ಶೋಧಕರು ಮುಖ್ಯವಾಗಿ ನೆನಪಿಡಬೇಕಾದುದೊಂದುಂಟು. ಜನನವು ಎಲ್ಲಿ ಆಯಿತೋ ಅಲ್ಲಿಯೇ ಅದರ ಲೇಖವಿರುವುದು. ಚೊಚ್ಚಲ ಹೆರಿಗೆಯು ತವರಿನಲ್ಲಾಗುವುದು ನಮ್ಮ ನಾಡಿನ ವಾಡಿಕೆ. ಆದುದರಿಂದ ಧರ್ಮಪುರದ ಮನೆಯ ಹಿರಿಯ ಮಗನ ಜನನವನ್ನು ಧರ್ಮಪುರದ ಪುಸ್ತಕದಲ್ಲಿ ಹುಡುಕಿ ಕಾಣದೆ ನಿರಾಶರಾಗಬಾರದು; ತಾಯಿಯ ಊರನ್ನು ವಿಚಾರಿಸಬೇಕು. ಹಿರಿಯೂರು ಸೀಮೆಯ ಈ ಹೋಬಳಿಯು ಗಡಿಯ ನೆರೆಯಲ್ಲಿರುವುದು. ಗಡಿಯಾಚೆಯ ಮಡಕಶಿರಾ ಸೀಮೆಯು ಹಿಂದೆ ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಧರ್ಮಪುರವು ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. ಹೀಗಾಗಿ ಗಡಿಯಾಚೆ ತವರುಳ್ಳ ತಾಯಿಯ ಮಕ್ಕಳ ಲೇಖಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗಿರಬಹುದು. ಮಗುವಿಗೆ ಹೆಸರಿಡುವ ಮೊದಲೇ ನೋಂದಣಿಯಾಗುವುದೂ ಉಂಟು. ಅಲ್ಲಿ ತಂದೆತಾಯಿಗಳ ಹೆಸರೇ ದಾರಿದೀಪ.

ಮನೆಯ ಜಾತಕ, ಕಡತಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ ಎಚ್ಚರಿಕೆಯು ಅವಶ್ಯಕ. ಸಂವತ್ಸರಗಳು 60 ವರ್ಷಗಳಿಗೊಮ್ಮೆ ಮರಳುವುವು. ಧಾತು ಸಂವತ್ಸರವೆಂದರೆ ಶಕ 1798, ಅಂದರೆ ಕ್ರಿ.ಶ. 1876-77 ಆಗಬಹುದು, ಶಕ 1858, ಅಂದರೆ 1936-37 ಕೂಡ ಆಗಬಹುದು. ಶಕವರ್ಷವನ್ನು ನೋಡದೆ ನಿರ್ಣಯಿಸಿದರೆ ತಾತನು ಮೊಮ್ಮಗನಾಗುವನು!

ಮೊದಲನೆಯ ಧಾತುವು ಘೋರಕ್ಷಾಮದ ವರ್ಷ. 1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ಎಷ್ಟೋ ವಂಶಾವಳಿಗಳು ಅಲ್ಲಿಯೇ ಕಡಿದುಹೋಗಿರುವುದಕ್ಕೆ ಇದೂ ಒಂದು ಕಾರಣವೆಂದು ಊಹಿಸಬಹುದು. ಹಸಿವಿನಿಂದ ದಾರಿಯಲ್ಲಿ ಮಡಿದವರ ಹೆಸರನ್ನು ಬರೆದಿಡುವವರಾರು?

ಶರಣರು ಹುಟ್ಟಿನಿಂದ ಮೇಲುಕೀಳನ್ನು ಎಣಿಸಲಿಲ್ಲ. ಹಾಗಾದರೆ ವಂಶಶೋಧನೆಯೇಕೆಂದು ಕೇಳಬಹುದು. ಕುಲದ ಹೆಮ್ಮೆಗಾಗಿ ಮಾಡಿದರೆ ಅದು ಶರಣಮಾರ್ಗಕ್ಕೆ ವಿರುದ್ಧವೇ ಸರಿ. ಹೆತ್ತವಳ ಹೆಸರನ್ನೂ, ಬರದಲ್ಲಿ ಅಳಿದವರ ನೆನಪನ್ನೂ ಉಳಿಸುವುದಕ್ಕಾಗಿ ಮಾಡಿದರೆ ಅದು ಋಣಸ್ಮರಣೆ. ಮನೆಯಲ್ಲಿ ವೃದ್ಧರು ಇರುವಾಗಲೇ ಅವರಿಂದ ಕೇಳಿ, ತಾಯಂದಿರ ತವರೂರುಗಳ ಸಹಿತ ಬರೆದಿಡುವುದು ಭಕ್ತರೆಲ್ಲರಿಗೂ ಶ್ರೇಯಸ್ಕರವಾದ ಕಾರ್ಯವು.