ಹುಟ್ಟೇ ಅಪರಾಧವಾದಾಗ

ಹುಬ್ಬಳ್ಳಿ ಮತ್ತು ಗದಗ-ಬೆಟಗೇರಿಯಲ್ಲಿ ಇಂದಿಗೂ 'ಸೆಟ್ಲಮೆಂಟ್' ಎಂದು ಕರೆಯಲ್ಪಡುವ ಬಡಾವಣೆಗಳಿವೆ. ಆ ಹೆಸರಿನ ಮೂಲವನ್ನು ಬಲ್ಲವರು ವಿರಳ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಮುಳ್ಳುತಂತಿಯ ಬೇಲಿಯಿತ್ತು. ಕೊರಮ, ಹರಣಶಿಕಾರಿ, ಗಂಟಿಚೋರ ಮುಂತಾದ ಸಮುದಾಯಗಳ ಕುಟುಂಬಗಳನ್ನು ಅದರೊಳಗೆ ಇರಿಸಲಾಗಿತ್ತು. ಅವರು ಹೊತ್ತುಹೊತ್ತಿಗೆ ಹಾಜರಿ ಹಾಕಬೇಕಿತ್ತು, ಪರವಾನಗಿ ಚೀಟಿಯಿಲ್ಲದೆ ಹೊರಗೆ ಕಾಲಿಡುವಂತಿರಲಿಲ್ಲ. ಅವರಲ್ಲಿ ಅನೇಕರು ಯಾವ ನ್ಯಾಯಾಲಯದಲ್ಲಿಯೂ ತಪ್ಪಿತಸ್ಥರೆಂದು ಸಾಬೀತಾದವರಲ್ಲ. ಆ ಮನೆಯಲ್ಲಿ ಹುಟ್ಟಿದ್ದೇ ಅವರ ಮೇಲಿನ ಆರೋಪವಾಗಿತ್ತು.

ಇದಕ್ಕೆ ಆಧಾರವಾದುದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಅದಕ್ಕೆ ಕೇವಲ ಹನ್ನೊಂದು ವರ್ಷ ಮೊದಲು, 1860ರಲ್ಲಿ, ಇದೇ ಸರಕಾರ ಭಾರತೀಯ ದಂಡ ಸಂಹಿತೆಯನ್ನು ರೂಪಿಸಿತ್ತು. ಅಪರಾಧವೆಂದರೆ ಒಂದು ಕೃತ್ಯ, ಅದನ್ನು ಎಸಗಿದವನಿಗೆ ಮಾತ್ರ ಶಿಕ್ಷೆ ಎಂಬುದು ಆ ಸಂಹಿತೆಯ ಬುನಾದಿ. ಒಂದು ಕೈಯಿಂದ ಈ ತತ್ವವನ್ನು ಬರೆದವರೇ ಇನ್ನೊಂದು ಕೈಯಿಂದ ಅದನ್ನು ಅಳಿಸಿದರು.

ಕಾಯ್ದೆಯ ಸಮರ್ಥಕರ ತರ್ಕ ವಿಲಕ್ಷಣವಾಗಿತ್ತು. ಈ ದೇಶದಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ. ಹಾಗಾದರೆ ಕಳ್ಳತನವೂ ಕೆಲವು ಜಾತಿಗಳ ಕುಲಕಸುಬಾಗಿರಲೇಬೇಕೆಂದು ಅವರು ವಾದಿಸಿದರು. ಜಾತಿವ್ಯವಸ್ಥೆಯನ್ನು ಅನಾಗರಿಕವೆಂದು ಹಳಿಯುತ್ತಿದ್ದವರಿಗೆ ದಂಡನೆಯ ಸಮರ್ಥನೆಗೆ ಅದೇ ಜಾತಿ ಆಸರೆಯಾಯಿತು! ಒಂದು ಸಮುದಾಯವನ್ನು ಅಪರಾಧಿಯೆಂದು ಘೋಷಿಸುವ ಅಧಿಸೂಚನೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂಬ ವಿಧಿಯೂ ಕಾಯ್ದೆಯಲ್ಲಿತ್ತು. 1897ರ ತಿದ್ದುಪಡಿ ಮಕ್ಕಳನ್ನು ಹೆತ್ತವರಿಂದ ಅಗಲಿಸಿ ಪ್ರತ್ಯೇಕವಾಗಿಡುವ ಅಧಿಕಾರ ನೀಡಿತು. 1911ರ ಕಾಯ್ದೆ ಅದನ್ನು ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿತು.

ಹಾಗಾದರೆ ಇವರು ನಿಜಕ್ಕೂ ಯಾರು? ಕೊರವ, ಕೊರಚರು ಎತ್ತು ಕತ್ತೆಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಡುವೆ ಸಂಚರಿಸುತ್ತಿದ್ದ ವ್ಯಾಪಾರಿಗಳು. ರೈಲು ಬಂದು ಸರಕು ಸಾಗಣೆಯನ್ನು ಕಸಿದುಕೊಂಡಿತು. ಸರಕಾರದ ಉಪ್ಪಿನ ನೀತಿ ವ್ಯಾಪಾರವನ್ನು ಕಸಿದುಕೊಂಡಿತು. ಅರಣ್ಯ ಕಾನೂನುಗಳು ದನ ಮೇಯಿಸುವ, ಬಿದಿರು ಕಡಿಯುವ ಹಕ್ಕನ್ನೂ ಕಸಿದುಕೊಂಡವು. ನಿನ್ನೆಯವರೆಗೆ ಜೀವನೋಪಾಯವಾಗಿದ್ದದ್ದು ಇಂದು ಅಪರಾಧವಾಯಿತು. ಊರೂರು ಅಲೆಯುವವನು ತೆರಿಗೆಯ ಲೆಕ್ಕಕ್ಕೆ ಸಿಗುವುದಿಲ್ಲ. ಆಳುವವರಿಗೆ ಅವನ ಕಳ್ಳತನಕ್ಕಿಂತ ಅಲೆದಾಟವೇ ಹೆಚ್ಚು ಭಯ ಹುಟ್ಟಿಸಿತೆಂದು ನನಗನಿಸುತ್ತದೆ. ಬೇಲಿಯೊಳಗಿನವರನ್ನು ಗಿರಣಿ ಮೊದಲಾದೆಡೆ ದುಡಿಸಿಕೊಂಡದ್ದನ್ನು 'ಸುಧಾರಣೆ' ಎಂದು ಕರೆಯಲಾಯಿತು.

ಇಂಗ್ಲೆಂಡಿನ ಸ್ವಂತ ಚರಿತ್ರೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. 19ನೇ ಶತಮಾನದ ಆರಂಭದಲ್ಲಿ ಅಲ್ಲಿ 200ಕ್ಕೂ ಹೆಚ್ಚು ಅಪರಾಧಗಳಿಗೆ ಮರಣದಂಡನೆಯಿತ್ತು. ಮನೆಯಿಂದ 40 ಶಿಲಿಂಗ್ ಮೌಲ್ಯದ ವಸ್ತು ಕದ್ದವನಿಗೂ ಗಲ್ಲು. ಕೊನೆಗೆ ಪಂಚರ ಮನಸ್ಸೇ ಒಪ್ಪದೆ, ಕದ್ದ ಮಾಲಿನ ಬೆಲೆ 39 ಶಿಲಿಂಗ್ ಎಂದು ತೀರ್ಮಾನಿಸಿ ಆರೋಪಿಯ ಪ್ರಾಣ ಉಳಿಸುತ್ತಿದ್ದರು.

ಸಾಮೂಹಿಕ ದಂಡನೆ ನಮಗೂ ಅಪರಿಚಿತವಲ್ಲ. 1854ರಲ್ಲಿ ಮಲಬಾರಿನ ಮಾಪಿಳ್ಳೆಯರ ವಿರುದ್ಧ ತಂದ ಕಾನೂನು, ಗಲಭೆ ನಡೆದರೆ ಇಡೀ 'ಅಂಶಂ'ನ, ಅಂದರೆ ಊರಿನ, ಮಾಪಿಳ್ಳೆಯರ ಮೇಲೆ ದಂಡ ಹೇರಲು ಅವಕಾಶ ಕೊಟ್ಟಿತು. ಇಸ್ಲಾಮಿನ ಪೂರ್ವದ ಅರೇಬಿಯಾದಲ್ಲೂ ಒಬ್ಬ ಕೊಂದರೆ ಅವನ ಗೋತ್ರದ ಯಾರ ಮೇಲಾದರೂ ಸೇಡು ತೀರಿಸಿಕೊಳ್ಳಬಹುದಿತ್ತು. ಒಬ್ಬರ ಪಾಪದ ಹೊರೆಯನ್ನು ಮತ್ತೊಬ್ಬರು ಹೊರುವುದಿಲ್ಲವೆಂಬ ಮಾತನ್ನು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಹೇಳಿರುವುದನ್ನು ಆ ಹಿನ್ನೆಲೆಯಲ್ಲಿ ಓದಬೇಕು. ಪ್ರಮಾದದಿಂದಾದ ಹತ್ಯೆಯ ಪರಿಹಾರಧನದಲ್ಲಿ ಬಂಧುಗಳು ಪಾಲು ಕೊಡುವ ಪದ್ಧತಿ ಮುಂದುವರಿಯಿತು, ನಿಜ. ಆದರೆ ಅದು ನೆರವೇ ಹೊರತು ಅಪರಾಧದ ಹಂಚಿಕೆಯಲ್ಲ.

ಇದನ್ನು ಓದುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ಹೆಸರು ಕೇಳಿದೊಡನೆ ನಮ್ಮ ಹುಡುಗನನ್ನು ಶಂಕಿಸಿದಾಗ ನಮಗೆ ನೋವಾಗುತ್ತದೆ. ಆದರೆ ಬೀದಿಯಲ್ಲಿ ಅಲೆಮಾರಿಗಳು ಬಿಡಾರ ಹೂಡಿದಾಗ 'ಅವರು ಕಳ್ಳರು, ಬಾಗಿಲು ಭದ್ರಪಡಿಸಿ' ಎಂಬ ಮಾತು ನಮ್ಮ ಮನೆಗಳಿಂದಲೂ ಬರುವುದಿಲ್ಲವೇ? ಆ ಮಾತು 1871ರ ಕಾಯ್ದೆಯದ್ದೇ.

ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಆ ಸಮುದಾಯಗಳು ಈಗಲೂ ಅದನ್ನು ವಿಮುಕ್ತ ದಿನವಾಗಿ ಆಚರಿಸುತ್ತವೆ. ಆದರೆ ಹಲವು ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ಹಳೆಯ ಸಂಶಯ ಹೊಸ ಹೆಸರಿನಲ್ಲಿ ಉಳಿಯಿತು. 2007ರಲ್ಲಿ ಜನಾಂಗೀಯ ತಾರತಮ್ಯ ನಿರ್ಮೂಲನೆಯ ವಿಶ್ವಸಂಸ್ಥೆ ಸಮಿತಿ ಇವನ್ನು ಕೈಬಿಡುವಂತೆ ಭಾರತಕ್ಕೆ ಸೂಚಿಸಿತು. ಜೈಲು ಕೈಪಿಡಿಗಳಲ್ಲಂತೂ ಕೈದಿಗಳಿಗೆ ಜಾತಿಯ ಆಧಾರದಲ್ಲಿ ಕೆಲಸ ಹಂಚುವ ನಿಯಮಗಳೂ, ಅಲೆಮಾರಿ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳೂ ಉಳಿದಿದ್ದವು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅವನ್ನು ಅಸಾಂವಿಧಾನಿಕವೆಂದು ಘೋಷಿಸಿತು. ಜೈಲಿನ ದಾಖಲೆ ಪುಸ್ತಕಗಳಲ್ಲಿರುವ ಜಾತಿಯ ಕಲಮನ್ನು ಅಳಿಸಿಹಾಕಬೇಕೆಂದೂ ಆದೇಶಿಸಿತು.